ನಾಲ್ಕು ಲಿಂಬೆ, ಒಂದು ಹಳೆಯ ಪಿಕಪ್

ಪಿಕಪ್ ತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಿದ ದಿನ ಅಮ್ಮ ನಕ್ಕ ನಗೆಗೆ ಅವಳ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೆ ಬಿದ್ದು ಮುಳುಗಿತು. ಅದನ್ನು ಇಕ್ಕಳದಲ್ಲಿ ಹಿಡಿದು ಮೇಲೆತ್ತುತ್ತಾ, "ಸೈಕಲ್ ಕೂಡ ಇಲ್ಲದ ಮನೆಗೆ ಪಿಕಪ್ಪಾ ಮಾರಾಯ್ತಿ? ಎಲ್ಲಿ ನಿಲ್ಲಿಸುದು, ದೇವರ ಕೋಣೆಯಲ್ಲಾ?" ಎಂದಳು. ಜಗಲಿಯಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹೊಸದಾ, ಹಳೆದಾ?" ಎಂದಷ್ಟೇ ಕೇಳಿದರು. ಹಳೆಯದು ಎಂದೆ. "ಹಾಗಾದ್ರೆ ಒಳ್ಳೆದು ಸಿಕ್ಕುದು ಕಷ್ಟ. ಶಾಲೆಗೇ ಹೋಗು," ಎಂದು ಪುಟ ತಿರುವಿದರು.

ನಮ್ಮದು ಮಣ್ಣಗುಡ್ಡದ ಮನೆ. ಇರುವವರು ಮೂವರು: ಅಪ್ಪ, ಅಮ್ಮ, ಮದುವೆಯ ಗೊಡವೆಗೆ ಹೋಗದೆ ನಲವತ್ತೈದು ದಾಟಿದ ನಾನು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅಮ್ಮನ ಮಾತಿನ ಖಾರ ಅರ್ಧಕ್ಕರ್ಧ ಇಳಿದಿದೆ ಎಂದು ತಿಳಿದುಕೊಳ್ಳಿ. ಅಪ್ಪ ಹತ್ತಿರದ ದೇವಸ್ಥಾನವೊಂದರಲ್ಲಿ ನಲವತ್ತು ವರ್ಷ ಅರ್ಚಕರಾಗಿದ್ದವರು. ಗರ್ಭಗುಡಿಯ ಪೂಜೆ ಹಿರಿಯರ ಪಾಲಿನದು, ಅಪ್ಪನ ಪಾಲಿಗೆ ಬಂದದ್ದು ಅಂಗಳದ ವಾಹನ ಪೂಜೆ. ಯಾರಾದರೂ ಹೊಸ ಗಾಡಿ ತಂದು ನಿಲ್ಲಿಸಿದರೆ ಅಪ್ಪ ಅದಕ್ಕೆ ಗಂಧ ಹಚ್ಚಿ, ಹಾರ ಹಾಕಿ, ಸುತ್ತ ಬಂದು ಆರತಿ ಎತ್ತಿ, ನಾಲ್ಕು ಚಕ್ರದ ಅಡಿಗೆ ನಾಲ್ಕು ಲಿಂಬೆ ಇಟ್ಟು, ಕಾಯಿ ಒಡೆದು, ಬದಿಗೆ ಸರಿದು "ಒಳ್ಳೆದಾಗ್ಲಿ, ಹೋಗಿ ಬನ್ನಿ" ಎನ್ನುತ್ತಿದ್ದರು. ಗಾಡಿ ಲಿಂಬೆ ಒಡೆದುಕೊಂಡು ಹೊರಟು ಹೋಗುತ್ತಿತ್ತು. ಅಪ್ಪ ಹರಿವಾಣ ಹಿಡಿದುಕೊಂಡು ಮನೆಗೆ ನಡೆದು ಬರುತ್ತಿದ್ದರು.

ಮೊಣಕಾಲು ಕೈಕೊಟ್ಟ ಮೇಲೆ ಆ ಕೆಲಸವೂ ನಿಂತಿತು. ಆಮೇಲೆ ಅಪ್ಪನಿಗೆ ಜಗಲಿಯೇ ಗತಿ. ರಸ್ತೆಯಲ್ಲಿ ಯಾವ ಗಾಡಿ ಹೋದರೂ ಕಿವಿ ನಿಮಿರಿಸಿ, "ಇದಕ್ಕೆ ನಾನೇ ಪೂಜೆ ಮಾಡಿದ್ದು," ಎನ್ನುವರು. ಹಾಲಿನ ವ್ಯಾನಿಗೂ ಹಾಗೆಯೇ, ಗ್ಯಾಸಿನ ಲಾರಿಗೂ ಹಾಗೆಯೇ. ನಾವು ಹೂಂಗುಟ್ಟುತ್ತಿದ್ದೆವು, ನಂಬುತ್ತಿರಲಿಲ್ಲ.

ಇನ್ನು ನನ್ನ ಕತೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಒಂದು ದಿನ ತ್ರಿಕೋನಮಿತಿಯ ನಡುವೆ ಕಿಟಕಿಯಾಚೆ ಯಾರೋ ದಾಸವಾಳದ ಗೆಲ್ಲು ನೆಡುವುದನ್ನು ನೋಡಿ ಸೂತ್ರ ಮರೆತು ನಿಂತವಳು, ಆ ವರ್ಷವೇ ಸಂಬಳವಿಲ್ಲದ ರಜೆ ಹಾಕಿ ವಾಮಂಜೂರಿನಲ್ಲಿ ಒಂದು ತುಂಡು ಜಾಗ ಬಾಡಿಗೆಗೆ ಹಿಡಿದೆ. ಒಂದು ಕಡೆ ಉಳಿದಿರುವ ಗದ್ದೆ, ಇನ್ನೊಂದು ಕಡೆ ಕಾಲೇಜಿನ ಹೊಸ ಗೋಡೆ, ನಡುವೆ ನನ್ನ ನರ್ಸರಿ. ಗಿಡ ಬೆಳೆಸುವುದು ಬಂತು. ಸಾಗಿಸುವುದು ಬರಲಿಲ್ಲ. ಮೊದಲ ವರ್ಷ ತುಳಸಿ ಪೂಜೆಗೆಂದು ಇನ್ನೂರು ತುಳಸಿ ಗಿಡ, ಜೊತೆಗೆ ಇಡಲು ನೆಲ್ಲಿಯ ಗೆಲ್ಲು, ಎಲ್ಲ ಕಟ್ಟಿ ಪೂಜೆಯ ದಿನ ಬೆಳಿಗ್ಗೆ ಬಾಡಿಗೆ ಟೆಂಪೋದಲ್ಲಿ ತುಂಬಿ ಕಳಿಸಿದೆ. ಕುಲಶೇಖರದ ಏರಿನಲ್ಲಿ ಟೆಂಪೋ ಉಸಿರು ಬಿಟ್ಟಿತು. ಸಂಜೆಯವರೆಗೆ ಬಿಸಿಲಿನಲ್ಲಿ ನಿಂತ ತುಳಸಿ ಎಲೆಯೆಲ್ಲ ಕರಟಿ ಹೋಯಿತು. ಮರುದಿನ ತುಳಸಿ ಕೇಳುವವರು ಯಾರಿದ್ದಾರೆ? ಮದುವೆ ಮುಗಿದ ಮೇಲೆ ಬಂದ ಓಲಗದವರ ಹಾಗಾಯಿತು ನನ್ನ ಪಾಡು.

ಶಾಲೆಯ ದೊಡ್ಡ ಟೀಚರ್, ಅಂದರೆ ಮುಖ್ಯೋಪಾಧ್ಯಾಯಿನಿ, ಒಳ್ಳೆಯ ಮನಸ್ಸಿನವರು. ರಜೆಯನ್ನು ಒಮ್ಮೆ ಮುಂದುವರಿಸಿ ಕೊಟ್ಟರು. "ಈ ವರ್ಷದ ತುಳಸಿ ಪೂಜೆಯವರೆಗೆ ನಿಮ್ಮ ಕುರ್ಚಿ ಖಾಲಿ ಇಡ್ತೇನೆ ಟೀಚರ್. ಆಮೇಲೆ ಬರ್ತೀರಾ ಇಲ್ವಾ, ಒಂದು ಮಾತು ಹೇಳಿ ಬಿಡಿ," ಎಂದರು. ಈ ಸಲವೂ ತುಳಸಿ ದಾರಿಯಲ್ಲಿ ಒಣಗಿದರೆ ನಾನು ಮತ್ತೆ ಸೈನ್, ಕಾಸ್, ಟ್ಯಾನ್. ಹಾಗಾಗಿ ಪಿಕಪ್ ಬೇಕೇ ಬೇಕು, ಅದೂ ಏರಿನಲ್ಲಿ ಉಸಿರು ಬಿಡದ ಪಿಕಪ್.

ನಾನು ಗಣಿತದವಳು, ತಯಾರಿ ಇಲ್ಲದೆ ಹೊರಡುವವಳಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಹಳೆಯ ಗಾಡಿ ತೆಗೆದುಕೊಳ್ಳುವ ಮೊದಲು ಕೇಳಬೇಕಾದ ನಲವತ್ತೆರಡು ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಲವಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ. ಮೊದಲ ಗಾಡಿ ನೋಡಲು ಕಾವೂರಿಗೆ ಹೊರಟಾಗ ಅಪ್ಪ, "ನಾನೂ ಬರ್ತೇನೆ," ಎಂದು ಬಟ್ಟೆಯ ಚೀಲ ಹಿಡಿದು ನಿಂತರು. ರಾಹುಕಾಲ ನೋಡಲು ಬರುತ್ತಾರೆ ಎಂದುಕೊಂಡೆ. ಅಮ್ಮ ತಾನೂ ಬರುತ್ತೇನೆ ಎಂದಳು. ಅವಳು ಬಂದದ್ದು ಬರೇ ತಮಾಷೆ ನೋಡಲಿಕ್ಕೆ, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಕಾವೂರಿನ ಆ ಮನೆಯಂಗಳದಲ್ಲಿ ಪಿಕಪ್ ಮದುಮಗಳ ಹಾಗೆ ನಿಂತಿತ್ತು. ಹೊಸ ಬಣ್ಣ, ಹೊಸ ಸೀಟ್ ಕವರ್, ಕನ್ನಡಿಗೆ ಕೆಂಪು ಗೊಂಡೆ. ಗಾಡಿಯ ಯಜಮಾನರು ಭಾರೀ ಮರ್ಯಾದೆಯವರು, ಕೂರಿಸಿ ಬೆಲ್ಲ ನೀರು ಕೊಟ್ಟರು. ನಾನು ನೋಟ್‌ಬುಕ್ ತೆರೆದು ಬಾನೆಟ್ ಎತ್ತಿಸಿದೆ. ಒಳಗೆ ಎಂಜಿನ್ ಇತ್ತು. ಇರಬೇಕಾದದ್ದು ಇದೆಯಲ್ಲ ಎಂದು ಒಂದನೇ ಪ್ರಶ್ನೆಗೆ ಸರಿ ಗುರುತು ಹಾಕಿದೆ. ಎರಡನೆಯದು ಕೇಳಲು ತಲೆಯೆತ್ತುತ್ತೇನೆ, ಅಪ್ಪ ಚೀಲದಿಂದ ಕಾಯಿ, ಗಂಧ, ಹೂ, ನಾಲ್ಕು ಲಿಂಬೆಹಣ್ಣು ತೆಗೆದು ಬಾಳೆಲೆಯ ಮೇಲೆ ಜೋಡಿಸಿಯಾಗಿತ್ತು!

"ಅಪ್ಪಾ! ಎಂತ ಮಾಡ್ತಿದ್ದೀರಿ?"

"ನೀನು ನಿನ್ನ ಕೆಲಸ ನೋಡು," ಎಂದರು ಅಪ್ಪ, ಬಾನೆಟ್ಟಿಗೆ ಗಂಧ ಹಚ್ಚುತ್ತಾ. ಕಷ್ಟಪಟ್ಟು ಬಗ್ಗಿ ನಾಲ್ಕು ಚಕ್ರದ ಮುಂದೆ ನಾಲ್ಕು ಲಿಂಬೆ ಇಟ್ಟರು. ಆಮೇಲೆ ಯಜಮಾನರಿಗೆ, "ಸ್ಟಾರ್ಟ್ ಮಾಡಿ, ಸ್ವಲ್ಪ ಮುಂದೆ ತೆಗೀರಿ, ನಿಧಾನಕ್ಕೆ," ಎಂದು ಹೇಳಿ ತಾವು ಗಾಡಿಯ ಹಿಂದೆ ಹೋಗಿ ನಿಂತರು. ಗಾಡಿ ಗುರ್ರೆಂದು, ನಡುಗಿ, ಒಮ್ಮೆಲೇ ಮುಂದಕ್ಕೆ ಹಾರಿತು. ಮುಂದಿನ ಎಡ ಚಕ್ರದ ಲಿಂಬೆ ಒಡೆಯಲಿಲ್ಲ. ಬದಿಗೆ ಚಿಮ್ಮಿ ಬಾವಿಕಟ್ಟೆಗೆ ಬಡಿಯಿತು. ಅಲ್ಲಿ ಮಲಗಿದ್ದ ಬೆಕ್ಕು ಎರಡು ಮನೆ ದಾಟಿ ಓಡಿತು.

ಅಷ್ಟರಲ್ಲಿ ಆ ಮನೆಯೊಳಗೆ ಸಂಭ್ರಮವೇ ಶುರುವಾಗಿ ಬಿಟ್ಟಿತ್ತು. ಯಜಮಾನರ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದು ಅಮ್ಮನಿಗೂ ನನಗೂ ಹಣೆಗಿಟ್ಟರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಆಯ್ತಾ? ವ್ಯಾಪಾರ ಆಯ್ತಾ?" ಎಂದು ಕೂಗಿದರು. ಯಾರೋ ಲಾಡಿನ ಪೊಟ್ಟಣ ಬಿಚ್ಚಿದರು. ನಮ್ಮ ಊರಿನಲ್ಲಿ ಚಕ್ರದಡಿ ಲಿಂಬೆ ಒಡೆದರೆ ಗಾಡಿ ಲಿಂಬೆ ತಂದವರದ್ದು, ಅದಕ್ಕೆ ಬೇರೆ ಕಾಗದ ಬೇಡ. ಅಪ್ಪ ಬೆಲೆ ಕೂಡ ಕೇಳದೆ ಪೂಜೆ ಮಾಡಿ ಮುಗಿಸಿದ್ದರು! ನನ್ನ ಬಾಯಲ್ಲಿ ಅರ್ಧ ಲಾಡು, ನುಂಗಲೂ ಆಗದು, ಉಗುಳಲೂ ಆಗದು.

"ನಾವು ಬರೇ ನೋಡ್ಲಿಕ್ಕೆ ಬಂದದ್ದು," ಎಂದೆ ಹೇಗೋ.

ಯಜಮಾನರ ಮುಖ ಇಳಿಯಿತು. "ಪೂಜೆ ಆದ ಮೇಲೆ ಬೇಡ ಅಂದ್ರೆ ಆಗ್ತದಾ ಟೀಚರ್? ಗಾಡಿಗೆ ಕೆಟ್ಟ ಹೆಸರು ಬರುದಿಲ್ವಾ?"

"ಮಂತ್ರ ಹೇಳ್ಲಿಲ್ಲ ನಾನು," ಎಂದರು ಅಪ್ಪ ಗಾಡಿಯ ಹಿಂದಿನಿಂದ ಬರುತ್ತಾ.

"ಎಂತ ಭಟ್ರೇ, ತುಟಿ ಅಲ್ಲಾಡುದು ನಾನೇ ನೋಡಿದ್ದೇನೆ!"

"ಅದು ಲಿಂಬೆ ಲೆಕ್ಕ ಮಾಡಿದ್ದು."

ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಾವಿಯತ್ತ ತಿರುಗಿ ನಿಂತಳು. ಅವಳ ಹೆಗಲು ಕುಣಿಯುತ್ತಿತ್ತು. ಭೂಮಿ ಬಾಯಿಬಿಟ್ಟರೆ ಇಳಿದು ಹೋಗುತ್ತಿದ್ದೆ. ಆದರೆ ಅಪ್ಪನಿಗೆ ಒಂದಿಷ್ಟೂ ಗಾಬರಿಯಿಲ್ಲ. ಕಾಯಿ ಕೈಗೆ ತೆಗೆದುಕೊಂಡರು. "ಬನ್ನಿ, ನಿಮ್ಮ ಹೆಸರಲ್ಲೇ ಸರಿಯಾಗಿ ಪೂಜೆ ಮಾಡ್ತೇನೆ. ಗಾಡಿ ನಿಮ್ಮಲ್ಲೇ ಇರ್ಲಿ, ನಿಮಗೇ ಒಳ್ಳೆದಾಗ್ಲಿ," ಎಂದು ಯಜಮಾನರ ನಕ್ಷತ್ರ, ಗೋತ್ರ ಕೇಳಿ, ಮಂತ್ರ ಹೇಳಿ, ಕಾಯಿ ಒಡೆದು, ಪ್ರಸಾದ ಕೊಟ್ಟು ಮುಗಿಸಿದರು. ಆಶೀರ್ವಾದ ಮಾಡಿದವರ ಜೊತೆ ಜಗಳ ಮಾಡುವುದು ಹೇಗೆ? ಪಾಪ, ಅವರೇ ನಮಗೆ ರಿಕ್ಷಾ ಹಿಡಿದು ಕೊಟ್ಟರು.

ರಿಕ್ಷಾ ತಿರುವು ದಾಟಿದ ಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮಾನ ಹರಾಜು ಹಾಕಿದಿರಿ, ಇನ್ನು ಆ ಕಡೆ ತಲೆಹಾಕುವ ಹಾಗಿಲ್ಲ, ನಲವತ್ತೆರಡರಲ್ಲಿ ಒಂದೇ ಪ್ರಶ್ನೆ ಕೇಳಿ ಆಗಿತ್ತು. ಅಪ್ಪ ನನಗೆ ಉಸಿರು ಮುಗಿಯುವವರೆಗೆ ಕಾದರು.

"ಆ ಗಾಡಿ ಬೇಡ. ಕ್ಲಚ್ ಹೋಗಿದೆ. ಮುಂದಿನ ಎಡ ಚಕ್ರ ಓರೆ ಉಂಟು. ಎಂಜಿನ್ ಎಣ್ಣೆ ಕುಡೀತದೆ."

"ನಿಮಗೆ ಹೇಗೆ ಗೊತ್ತು? ನಿಮಗೆ ಸ್ಕೂಟರ್ ಕೂಡ ಬಿಡ್ಲಿಕ್ಕೆ ಬರುದಿಲ್ಲ!"

"ಲಿಂಬೆ ಹೇಳಿತಲ್ಲ," ಎಂದರು ಅಪ್ಪ, ನನಗೇ ಬುದ್ಧಿ ಕಡಿಮೆ ಎನ್ನುವ ದನಿಯಲ್ಲಿ. "ಒಳ್ಳೆ ಗಾಡಿ ಲಿಂಬೆ ಮೇಲೆ ಮೆಲ್ಲ ಹತ್ತುತ್ತದೆ, ಕೂತಲ್ಲೇ ಒಡೀತದೆ. ಕ್ಲಚ್ ಸರಿ ಇಲ್ಲದ್ದು ಹಾರ್ತದೆ. ಚಕ್ರ ಓರೆ ಆದ್ರೆ ಲಿಂಬೆ ಬದಿಗೆ ಓಡ್ತದೆ. ಹ್ಯಾಂಡ್ ಬ್ರೇಕ್ ಇಲ್ಲದ್ದು ನಾನು ಹೇಳುವ ಮೊದಲೇ ಲಿಂಬೆ ತಿಂತದೆ. ನಲವತ್ತು ವರ್ಷ ನಾನು ಅಲ್ಲಿ ಪೊಕ್ಕಡೆ, ಸುಮ್ಮನೆ ನಿಂತದ್ದಾ?"

ಎಣ್ಣೆಯ ವಿಷಯ ಅಮ್ಮ ಬಿಡಿಸಿದಳು. ಅಪ್ಪನ ಬಿಳಿ ಪಂಚೆಯ ಅಂಚನ್ನು ರಿಕ್ಷಾದಲ್ಲೇ ಎತ್ತಿ ತೋರಿಸಿದಳು. ಅದರ ಮೇಲೆ ಸಣ್ಣ ಸಣ್ಣ ಕರಿ ಚುಕ್ಕೆ, ಮುಟ್ಟಿದರೆ ಜಿಡ್ಡು. "ಬರೇ ಮಸಿ ಆದ್ರೆ ಸೋಪಿಗೆ ಹೋಗ್ತದೆ. ಇದು ಎಣ್ಣೆ ಹೊಗೆ, ಸೀಗೆಪುಡಿ ಹಾಕಿ ಉಜ್ಜಿದ್ರೂ ಹೋಗುದಿಲ್ಲ. ಊರವರ ಸೈಲೆನ್ಸರ್ ಎಲ್ಲ ತೊಳೆದದ್ದು ನಾನೇ ಅಲ್ವಾ, ಇವರ ಪಂಚೆಯಲ್ಲಿ!"

ನನಗೆ ನಗು ಎಲ್ಲಿಂದ ಬಂತೋ ಗೊತ್ತಿಲ್ಲ. ರಿಕ್ಷಾದವರು ಹಿಂದೆ ತಿರುಗಿ ನೋಡುವಷ್ಟು ನಕ್ಕೆ. ಅಮ್ಮನೂ ನಕ್ಕಳು. ಅಪ್ಪ ನಗಲಿಲ್ಲ, ಆದರೆ ಬೆನ್ನು ನೆಟ್ಟಗಾಗಿತ್ತು. ಮನೆಗೆ ಬಂದವಳೇ ಉರ್ವದಲ್ಲಿ ನನಗೆ ಪರಿಚಯವಿರುವ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಗಾಡಿಯ ನಂಬರು ಹೇಳಿದೆ. "ಅದಾ? ಅದು ಬೇಡ ಟೀಚರ್," ಎಂದ ಅವನು. "ಕ್ಲಚ್ ಪ್ಲೇಟ್ ಹಾಕ್ಬೇಕು ಅಂತ ನಾನೇ ಹೇಳಿದ್ದೆ, ಅವರು ಬಣ್ಣ ಹಾಕಿಸಿದ್ರು. ನಿಮಗೆ ಯಾರು ಹೇಳಿದ್ದು?" ಲಿಂಬೆ ಎಂದು ಹೇಳಲು ನಾಚಿಕೆಯಾಗಿ ಫೋನ್ ಇಟ್ಟೆ.

ಅಲ್ಲಿಂದ ನಮ್ಮ ದಂಡಯಾತ್ರೆ ಶುರುವಾಯಿತು. ಕಾಯಿ, ಹೂ, ಕುಂಕುಮ ಎಲ್ಲ ರದ್ದು, ಬರೇ ಲಿಂಬೆ ಮತ್ತು ಒಂದು ಚಿಟಿಕೆ ಗಂಧ. ಯಾರಾದರೂ ಲಾಡು ಬಿಚ್ಚುವ ಸೂಚನೆ ಕಂಡರೆ ಅಮ್ಮ ಮೊದಲೇ, "ಇದು ಪೂಜೆ ಅಲ್ಲ ಮಾರಾಯ್ರೆ, ಪರೀಕ್ಷೆ!" ಎಂದು ಸಾರುತ್ತಿದ್ದಳು. ಒಂದು ಪಿಕಪ್ ಅಪ್ಪ ಬಾಯಿ ತೆರೆಯುವ ಮೊದಲೇ ಎರಡು ಲಿಂಬೆ ತಿಂದಿತು. ಇನ್ನೊಂದರಲ್ಲಿ ಎಲ್ಲ ಚೆನ್ನಾಗಿತ್ತು, ಲಿಂಬೆಯೂ ಸರಿಯಾಗಿ ಒಡೆಯಿತು. ನಾನು ಕುಣಿಯುವುದೊಂದು ಬಾಕಿ. ಅಪ್ಪ ಬಾನೆಟ್ಟಿನ ಮೇಲಿನ ಗಂಧ ತೋರಿಸಿದರು. ಹಚ್ಚಿದ ಕೂಡಲೇ ಒಣಗಿ ಬಿರಿದಿತ್ತು. "ಬಿಸಿ ಉಂಟು. ನಾವು ಬರುವ ಮೊದಲೇ ಇದನ್ನು ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಬೆಳಿಗ್ಗೆ ತಣ್ಣಗೆ ಇರುವಾಗ ಇದು ಏಳುದಿಲ್ಲ." ಮಾರುವವರು ನೆಲ ನೋಡಿದರು. ನನ್ನ ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಆ ನೋಟ್‌ಬುಕ್ಕನ್ನು ಆಮೇಲೆ ಅಮ್ಮ ಹಾಲಿನ ಲೆಕ್ಕಕ್ಕೆ ತೆಗೆದುಕೊಂಡಳು.

ಹೀಗೆ ಆರು ಗಾಡಿ ಬಿದ್ದುಹೋದವು. ತುಳಸಿ ಪೂಜೆಗೆ ಹತ್ತು ದಿನ ಉಳಿಯಿತು. ವಾಮಂಜೂರಿನಲ್ಲಿ ಮುನ್ನೂರು ತುಳಸಿ ಕದಿರು ಬಿಟ್ಟುಕೊಂಡು ನಿಂತಿತ್ತು. ಅಂದು ಮಧ್ಯಾಹ್ನ ಅಮ್ಮ ನನ್ನ ಶಾಲೆಯ ಸೀರೆಗಳನ್ನು ಬಿಸಿಲಿಗೆ ಹಾಕಿದ್ದು ನೋಡಿ ನನ್ನ ತಲೆ ಕೆಟ್ಟಿತು. ಹೋಗಿ ಅಪ್ಪನ ಮುಂದೆ ನಿಂತೆ. "ನಿಮಗೆ ನಾನು ಶಾಲೆಗೆ ಹೋಗ್ಬೇಕು. ಅದಕ್ಕೇ ಎಲ್ಲ ಗಾಡಿಯಲ್ಲೂ ಹುಳುಕು ಹುಡುಕ್ತೀರಿ. ಒಳ್ಳೆದು ಬಂದ್ರೂ ಬೇಡ ಅಂತೀರಿ, ನನಗೆ ಗೊತ್ತುಂಟು!"

ಅಪ್ಪ ಪೇಪರು ಮಡಚಿಟ್ಟು ಒಳಗೆ ಹೋದರು. ಹೇಳಿದ ಮಾತನ್ನು ವಾಪಸ್ ಎಳೆದುಕೊಳ್ಳಬೇಕು ಅನ್ನಿಸಿತು, ಆದರೆ ನನ್ನದು ಅಪ್ಪನದ್ದೇ ಹಠ, ಎಳೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಏಳುವಾಗ ಅವರು ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದರು. "ಉಳ್ಳಾಲದಲ್ಲಿ ಒಂದು ಉಂಟಂತೆ. ಹಾಲಿನ ವ್ಯಾನಿನವ ಹೇಳಿದ. ಬೇಗ ಹೊರಡು, ಗಾಡಿ ತಣ್ಣಗಿರುವಾಗ ನೋಡ್ಬೇಕು."

ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟುವವರೆಗೆ ಅಮ್ಮ ನಮ್ಮಿಬ್ಬರ ನಡುವೆ ಕೂತು ಇಬ್ಬರಿಗೂ ಕಡಲೆ ಕೊಟ್ಟಳು.

ಉಳ್ಳಾಲದ ಆ ಗಾಡಿಯವರದು ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ತಂದೆಯ ಕಾಲದ್ದು. ತಮ್ಮ ಗಲ್ಫಿನಿಂದ ಬಂದು ವ್ಯಾಪಾರಕ್ಕೆ ಸೇರಿಕೊಂಡು ದೊಡ್ಡ ಗಾಡಿ ತೆಗೆದದ್ದರಿಂದ ಇದನ್ನು ಕೊಡಬೇಕಾಗಿ ಬಂದಿತ್ತು. ಪಿಕಪ್ ಮನೆಯ ಬದಿಯ ಮಾಡಿನಡಿ ಟಾರ್ಪಾಲು ಹೊದ್ದು ನಿಂತಿತ್ತು. ಬಣ್ಣ ಹಳೆಯದು, ಬಾಗಿಲಿಗೆ ಎರಡು ಗೀರು. ಗೊಂಡೆ ಇಲ್ಲ. ನಾನು ಕೇಳುವ ಮೊದಲೇ ಅವರು ದೂರು ಹೇಳಲು ಶುರುಮಾಡಿದರು.

"ಎಡದ ಗ್ಲಾಸ್ ಪೂರ್ತಿ ಮೇಲೆ ಬರುದಿಲ್ಲ ಟೀಚರ್. ಮಳೆಗೆ ಬಟ್ಟೆ ತುರುಕ್ಬೇಕು. ಹಾರ್ನ್ ಒಮ್ಮೊಮ್ಮೆ ಮುನಿಸಿಕೊಳ್ತದೆ. ಸಮುದ್ರದ ಗಾಳಿಗೆ ತುಕ್ಕು ಹಿಡೀತದೆ ಅಂತ ಪ್ರತಿ ಮಳೆಗಾಲದ ಮೊದಲು ಅಡಿಗೆ ಹಳೆ ಆಯಿಲ್ ಹಚ್ಚಿಸ್ತೇನೆ, ಆದ್ರೂ ಹಿಂದೆ ಸ್ವಲ್ಪ ಹಿಡಿದಿದೆ. ನೋಡಿ." ತಾವೇ ನೆಲಕ್ಕೆ ಕೂತು ಮೊಬೈಲಿನಲ್ಲಿ ಗಾಡಿಯ ಅಡಿಯ ಫೋಟೋ ತೆಗೆದು ಅಪ್ಪನಿಗೆ ತೋರಿಸಿದರು, ಅಪ್ಪನಿಗೆ ಬಗ್ಗಲು ಆಗುವುದಿಲ್ಲ ಎಂದು ಕಂಡು. ಅಪ್ಪ ನನ್ನ ಕಡೆ ನೋಡಿದರು. ಆ ನೋಟ ಇಷ್ಟು ದಿನದಲ್ಲಿ ನೋಡಿರಲಿಲ್ಲ.

ಅಪ್ಪ ಚೀಲದಿಂದ ಲಿಂಬೆ ತೆಗೆದದ್ದೇ ತಡ, ಅಂಗಡಿಯವರ ತಾಯಿ ಅಡಿಗೆಮನೆಯಿಂದ ಹೊರಗೆ ಬಂದರು. ಮನೆಯಲ್ಲಿ ಎಲ್ಲರಿಗೂ ಅವರು ಉಮ್ಮ, ಅರ್ಧ ಗಂಟೆಯಲ್ಲಿ ನಮಗೂ ಉಮ್ಮ. ಚಕ್ರದ ಮುಂದೆ ಲಿಂಬೆ ಇಡುವುದನ್ನು ನೋಡಿ ಎದೆ ಮುಟ್ಟಿಕೊಂಡರು.

"ಅಯ್ಯೋ ಅಲ್ಲಾ! ಇಷ್ಟು ಒಳ್ಳೆ ಲಿಂಬೆ ಟೈರಿಗೆ ಹಾಕುದಾ? ನನಗೆ ಕೊಡಿ ಭಟ್ರೇ, ಶರಬತ್ ಮಾಡ್ತೇನೆ. ಟೈರಿಗೆ ಎಂತಕ್ಕೆ, ಅದಕ್ಕೆ ಬಾಯಾರಿಕೆ ಉಂಟಾ?"

"ಪರೀಕ್ಷೆ ಉಮ್ಮಾ, ಪರೀಕ್ಷೆ," ಎಂದಳು ಅಮ್ಮ. ಚೀಲದಲ್ಲಿ ಉಳಿದಿದ್ದ ಲಿಂಬೆಯನ್ನೆಲ್ಲ ತೆಗೆದು ಉಮ್ಮನ ಸೆರಗಿಗೆ ಹಾಕಿದಳು.

"ನೀವೇ ಬಿಡಿ ಟೀಚರ್," ಎಂದು ಅಂಗಡಿಯವರು ಕೀ ನನ್ನ ಕೈಗೆ ಕೊಟ್ಟರು. "ನಾನು ಬಿಟ್ರೆ ಎಂತ ಗೊತ್ತಾಗ್ತದೆ? ಓಡಿಸ್ಲಿಕ್ಕೆ ಇರುದು ನೀವು." ಅದುವರೆಗೆ ಯಾರೂ ನನ್ನ ಕೈಗೆ ಕೀ ಕೊಟ್ಟಿರಲಿಲ್ಲ. ನಾನು ಕಲಿತದ್ದು ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ. ಹತ್ತಿ ಕೂತರೆ ಲೋಕವೇ ಕೆಳಗಿತ್ತು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಕಪ್ಪೆಯ ಹಾಗೆ ಒಂದು ಜಿಗಿತ ಜಿಗಿದು, ಲಿಂಬೆಗಳನ್ನು ದಿಕ್ಕಿಗೊಂದು ಹಾರಿಸಿ, ಆಫ್!

"ಇದರದ್ದೂ ಕ್ಲಚ್ ಹೋಗಿದೆ!" ನಾನು ಅಳುವ ದನಿಯಲ್ಲಿ ಕೂಗಿದೆ.

ಗಾಡಿಯ ಹಿಂದೆ ಪಂಚೆ ಹರಡಿ ನಿಂತಿದ್ದ ಅಪ್ಪ ಅಲ್ಲಿಂದಲೇ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋದದ್ದು ಕ್ಲಚ್ ಅಲ್ಲ, ನಿನ್ನ ಕಾಲು. ಇನ್ನೊಮ್ಮೆ!" ಎಂದರು. ಉಮ್ಮ ಉರುಳಿದ ಲಿಂಬೆಗಳನ್ನು ಹೆಕ್ಕಿ, ಗೊಣಗುತ್ತಲೇ ತಾವೇ ಚಕ್ರದ ಮುಂದೆ ಇಟ್ಟುಕೊಟ್ಟರು. ನಾನು ಉಸಿರು ಹಿಡಿದು ಮತ್ತೆ ಕ್ಲಚ್ ಬಿಟ್ಟೆ, ಮೆಲ್ಲ, ಮೆಲ್ಲ. ಪಿಕಪ್ ಒಂದು ನಿಟ್ಟುಸಿರು ಬಿಟ್ಟ ಹಾಗೆ ಮುಂದೆ ಸರಿಯಿತು. ಪಚಕ್. ಪಚಕ್. ಮತ್ತೆ ಹಿಂದಿನ ಎರಡು. ಇಳಿದು ಓಡಿ ಬಂದು ನೋಡಿದೆ. ನಾಲ್ಕೂ ಇಟ್ಟಲ್ಲೇ ಅಪ್ಪಚ್ಚಿಯಾಗಿ ಕೂತಿದ್ದವು. ಬಾನೆಟ್ಟಿನ ಗಂಧ ಇನ್ನೂ ಹಸಿ. ಅಮ್ಮ ಅಪ್ಪನ ಪಂಚೆ ತಿರುಗಿಸಿ ತಿರುಗಿಸಿ ನೋಡಿ, "ಒಂದು ಚುಕ್ಕೆ ಇಲ್ಲ," ಎಂದಳು. ನಾನು ಉಮ್ಮನನ್ನು ಹಿಡಿದು ಒಂದು ಸುತ್ತು ತಿರುಗಿಸಿಯೇ ಬಿಟ್ಟೆ.

ಶರಬತ್ತು ಕುಡಿಯುವಾಗ ಅಂಗಡಿಯವರು ಒಂದೇ ಒಂದು ಷರತ್ತು ಹಾಕಿದರು. "ಓವರ್‌ಲೋಡ್ ಮಾಡ್ಬೇಡಿ. ನನ್ನ ಗಾಡಿ ಇದುವರೆಗೆ ದಾರಿಯಲ್ಲಿ ನಿಂತದ್ದಿಲ್ಲ." ಕಲ್ಲುಮಣ್ಣು ಹಾಕುವುದಿಲ್ಲ, ತುಳಸಿ ಎಂದೆ. ಉಮ್ಮ ತಮಗೂ ಒಂದು ದಾಸವಾಳ ಬೇಕು, ಹಳದಿಯದು, ಎಂದರು. ನಾಲ್ಕು ದಿನ ಬಿಟ್ಟು ಉರ್ವದ ಮೆಕ್ಯಾನಿಕ್ ಎರಡು ಗಂಟೆ ಗಾಡಿಯ ಅಡಿಗೂ ಮೇಲೂ ಬಿದ್ದು ಎದ್ದು, "ಒಳ್ಳೆದುಂಟು," ಎಂದ. ಅಪ್ಪ ಏನು ನೋಡಿ ಅದನ್ನೇ ಹೇಳಿದ್ದರು ಎಂದು ಕೇಳಿ ತಿಳಿದುಕೊಂಡು, "ಭಟ್ರೇ, ನನ್ನ ಹೊಟ್ಟೆಗೆ ಹೊಡಿಬೇಡಿ ಮಾರಾಯ್ರೆ," ಎಂದು ಕೈಮುಗಿದ. ಕಾಗದಪತ್ರ ಎಲ್ಲ ಆಗಿ ಪಿಕಪ್ ಮಣ್ಣಗುಡ್ಡಕ್ಕೆ ಬಂದದ್ದು ತುಳಸಿ ಪೂಜೆಗೆ ಎರಡು ದಿನ ಇರುವಾಗ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ನಿಜವಾದ ಪೂಜೆ. ಕಾಯಿ, ಹೂ, ಹಾರ, ಮಂತ್ರ, ಏನನ್ನೂ ಬಿಡಲಿಲ್ಲ. ಮೊಣಕಾಲು ನೋಯುತ್ತಿದ್ದರೂ ಅಪ್ಪ ಆರತಿ ಹಿಡಿದು ಮೂರು ಸುತ್ತು ಬಂದರು. ನಾನು ಕೂತು, ಸ್ಟಾರ್ಟ್ ಮಾಡಿ, ಮೆಲ್ಲಗೆ ನಾಲ್ಕು ಲಿಂಬೆ ಒಡೆದೆ. ಕನ್ನಡಿಯಲ್ಲಿ ನೋಡುತ್ತೇನೆ, ಅಪ್ಪ ಹರಿವಾಣ ಹಿಡಿದು ರಸ್ತೆಯ ಬದಿಗೆ ಸರಿದು ನಿಂತಿದ್ದಾರೆ. ಕೈ ಎತ್ತಿ ಹೇಳಿದರು:

"ಒಳ್ಳೆದಾಗ್ಲಿ, ಹೋಗಿ ಬನ್ನಿ."

ನನಗೆ! ಹುಟ್ಟಿದಂದಿನಿಂದ ನೀನು, ನೀನು ಎಂದು ಕರೆದ ಮಗಳಿಗೆ! ನಲವತ್ತು ವರ್ಷದ ಅಭ್ಯಾಸ, ಗಾಡಿ ಹೊರಟಿತು ಎಂದರೆ ಅವರ ಕೆಲಸ ಮುಗಿಯಿತು. ನನ್ನ ಕಣ್ಣು ತುಂಬಿ ರಸ್ತೆ ಕಾಣಲಿಲ್ಲ. ಬ್ರೇಕ್ ಹಾಕಿ, ಎಡದ ಬಾಗಿಲು ತೆರೆದೆ. "ಎಂತ ಹೋಗಿ ಬನ್ನಿ? ಹತ್ತಿ ಅಪ್ಪ!"

"ನಾನಾ?" ಎಂದರು. ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ಕೂಡ ನೋಡಿದರು. ಅಮ್ಮ ಬಂದು ಕೈಯಿಂದ ಹರಿವಾಣ ಕಿತ್ತುಕೊಂಡಳು. ಅಪ್ಪ ಹತ್ತುವ ಮೊದಲು ಹಿಂದೆ ಹೋಗಿ, ನಾಲ್ಕು ಲಿಂಬೆಯನ್ನೂ ಒಂದೊಂದಾಗಿ ನೋಡಿ ಬಂದರು. ನಾನು ಹೆಗಲು ಕೊಟ್ಟು ಹತ್ತಿಸಿದೆ. ಮೇಲೆ ಬಾರದ ಆ ಗ್ಲಾಸಿನ ಕಿಟಕಿಯಿಂದ ಗಾಳಿ ಬಂದು ಅವರ ಜುಟ್ಟು ಹಾರುತ್ತಿತ್ತು, ಉರ್ವದ ಮಾರುಕಟ್ಟೆ ದಾಟುವಾಗ ಪರಿಚಯದವರಿಗೆಲ್ಲ ಕೈ ಬೀಸಿದರು.

ಆ ದಿನ ಮತ್ತು ಮರುದಿನ ಮಧ್ಯಾಹ್ನದವರೆಗೆ ನಾವು ವಾಮಂಜೂರಿಗೂ ಪೇಟೆಗೂ ಐದು ಸಲ ತಿರುಗಿದೆವು. ಪ್ರತಿ ಸಲ ಕುಲಶೇಖರದ ಏರು ಬಂದಾಗ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ, ಅಪ್ಪ ಕಿವಿ ಎಂಜಿನ್ನಿಗೆ ಕೊಟ್ಟು, "ಎರಡನೇ ಗೇರ್," ಎನ್ನುತ್ತಿದ್ದರು. ಪಿಕಪ್ ಒಮ್ಮೆಯೂ ನಿಲ್ಲಲಿಲ್ಲ. ಐದನೇ ಸಲ ಏರು ಹತ್ತಿ ಮುಗಿದಾಗ ನಾನು ಹಾರ್ನ್ ಹೊಡೆದೆ, ಅದಕ್ಕೆ ಅಂದು ಮುನಿಸಿರಲಿಲ್ಲ. ಮುನ್ನೂರು ತುಳಸಿಯೂ ಹಸಿರಾಗಿಯೇ ಮನೆ ಮನೆ ಸೇರಿತು. ಉಳಿದದ್ದು ಒಂದೇ ಒಂದು.

ಅದು ದೊಡ್ಡ ಟೀಚರಿಗೆಂದು ಎತ್ತಿಟ್ಟದ್ದು. ಮೂರು ಗಂಟೆಯ ಹೊತ್ತಿಗೆ ಅವರ ಗೇಟಿನ ಮುಂದೆ ನಿಲ್ಲಿಸಿದೆ. ಮೈಯೆಲ್ಲ ಮಣ್ಣು, ತಲೆಯಲ್ಲಿ ನೆಲ್ಲಿಯ ಎಲೆ. ಅವರು ಬಾಗಿಲಿಗೆ ಬಂದು ನನ್ನನ್ನು ನೋಡಿದರು, ಪಿಕಪ್ ನೋಡಿದರು, ತುಳಸಿ ಕೈಗೆ ತೆಗೆದುಕೊಂಡರು. "ಹಾಗಾದ್ರೆ ಟೀಚರ್, ಸೋಮವಾರ ಶಾಲೆಗೆ...?" ಎಂದು ಅರ್ಧಕ್ಕೆ ನಿಲ್ಲಿಸಿದರು.

ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇಪ್ಪತ್ತು ವರ್ಷದ ಕುರ್ಚಿ, ಆ ಒಳ್ಳೆಯ ಮುಖ, ಎಲ್ಲ ಎದುರಿಗೆ ನಿಂತಾಗ ಒಂದು ಅಕ್ಷರ ಹೊರಡಲಿಲ್ಲ. ಆಗ ಪಿಕಪ್ಪಿನ ಕಿಟಕಿಯಿಂದ ಅಪ್ಪ ತಲೆ ಹೊರಗೆ ಹಾಕಿದರು. ನನ್ನನ್ನು ಶಾಲೆಗೆ ಹೋಗು, ಶಾಲೆಗೆ ಹೋಗು ಎಂದು ವರ್ಷವಿಡೀ ಹೇಳಿದ ಅಪ್ಪ.

"ಇಲ್ಲ ಟೀಚರ್, ಅವಳು ಇನ್ನು ಬರುದಿಲ್ಲ," ಎಂದರು. "ನಾಲ್ಕು ಲಿಂಬೆಯೂ ನಾನು ನೋಡಿದ್ದೇನೆ."

ದೊಡ್ಡ ಟೀಚರಿಗೆ ಅದರ ಅರ್ಥ ಏನೂ ಆಗಲಿಲ್ಲ, ಆದರೂ ನಕ್ಕು ತಲೆಯಾಡಿಸಿದರು. ನಾನು ಬಂದು ಕೂತು, ಗೇರ್ ಹಾಕಿ, ಕ್ಲಚ್ ಬಿಟ್ಟೆ. ಪಿಕಪ್ ಕಪ್ಪೆಯ ಹಾಗೆ ಒಂದು ಜಿಗಿತ ಜಿಗಿದು ಆಫ್ ಆಯಿತು. ಅಪ್ಪ ಈ ಸಲ ಗಾದೆ ಹೇಳಲಿಲ್ಲ, ನಾನು ಕಣ್ಣು ಒರೆಸಿಕೊಳ್ಳುವವರೆಗೆ ಕಾದು, "ಇನ್ನೊಮ್ಮೆ," ಎಂದರು.